ಮುದಿ ಬೆಕ್ಕಿಗೆ ಇದ್ದಕ್ಕಿದ್ದಂತೆ ಕಣ್ಣು ಹೋದರೆ...

ನವದೆಹಲಿ: ಮಕ್ಕಳು ಓದು, ಉದ್ಯೋಗವೆಂದು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮೇಲೆ ರಾಜಧಾನಿಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಹಿರಿಯರ ಜೊತೆಗೆ ಉಳಿಯುವುದು ಮಕ್ಕಳು ಸಾಕಿದ ಬೆಕ್ಕು. ಹದಿಮೂರು, ಹದಿನಾಲ್ಕು ವರ್ಷದ ಆ ಜೀವ ಒಂದು ಬೆಳಿಗ್ಗೆ ಸೋಫಾಕ್ಕೆ ಢಿಕ್ಕಿ ಹೊಡೆದು, ಮೂಲೆ ಸೇರಿ ಕೂಗತೊಡಗಿದರೆ ಮನೆಯವರಿಗೆ ಕೈಕಾಲೇ ಆಡುವುದಿಲ್ಲ. ‘ವಯಸ್ಸಾಯಿತು, ಇನ್ನೇನು ಮಾಡುವುದು’ ಎಂದು ಸುಮ್ಮನಾಗುವವರೂ ಉಂಟು. ಹಾಗೆ ಸುಮ್ಮನಾಗುವ ಕಾಯಿಲೆ ಇದಲ್ಲ.

ಬಿ.ಪಿ. ನಮಗೆ ಮಾತ್ರ ಬರುವಂಥದ್ದಲ್ಲ. ಮುದಿ ಬೆಕ್ಕುಗಳ ದಿಢೀರ್ ಕುರುಡಿಗೆ ಮುಖ್ಯ ಕಾರಣವೇ ಅದು. ಒತ್ತಡ ಏರಿ ಕಣ್ಣಿನ ಹಿಂಬದಿಯ ರೆಟಿನಾ ಪದರ ಕಳಚಿಕೊಳ್ಳುತ್ತದೆ, ಇಲ್ಲವೇ ಕಣ್ಣೊಳಗೆ ರಕ್ತ ಸೋರುತ್ತದೆ. ಅದರ ಬೆನ್ನಿಗೆ ಹೆಚ್ಚಾಗಿ ಮೂತ್ರಪಿಂಡದ ತೊಂದರೆಯೋ ಥೈರಾಯ್ಡೋ ಇರುತ್ತದೆ. ಬೆಳಕು ಬಿಟ್ಟರೂ ಕಣ್ಣಪಾಪೆ ಕಿರಿದಾಗದಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬಿ.ಪಿ. 160 ದಾಟಿದರೆ ಕಣ್ಣಿಗೆ ಅಪಾಯ, 180 ದಾಟಿದರೆ ಮತ್ತೂ ಹೆಚ್ಚು. ಬೆಕ್ಕಿನ ಬಿ.ಪಿ. ನೋಡುವ ಉಪಕರಣ ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ನೋಯ್ಡಾದಿಂದ ದಕ್ಷಿಣ ದೆಹಲಿಯವರೆಗೆ ಟ್ರಾಫಿಕ್‌ನಲ್ಲಿ ಒದ್ದಾಡುವ ಮೊದಲು ಫೋನ್ ಮಾಡಿ ಕೇಳುವುದು ಒಳ್ಳೆಯದು. ಡಿಫೆನ್ಸ್ ಕಾಲೊನಿ ಮೇಲ್ಸೇತುವೆಯ ಕೆಳಗಿನ ಫ್ರೆಂಡಿಕೋಸ್ 1979ರಿಂದ ಪ್ರಾಣಿಗಳ ಆರೈಕೆಯಲ್ಲಿ ತೊಡಗಿದೆ.

ನಮ್ಮ ಹಿರಿಯರು ನುಂಗುವ ಅಮ್ಲೋಡಿಪಿನ್ ಬೆಕ್ಕಿಗೂ ಔಷಧವೇ. ಆದರೆ ಅಳತೆಯನ್ನು ವೈದ್ಯರೇ ಹೇಳಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಕೆಲವಕ್ಕೆ ಒಂದಿಷ್ಟು ದೃಷ್ಟಿ ಮರಳುವುದುಂಟು. ಮರಳದಿದ್ದರೂ ಮಾತ್ರೆ ನಿಲ್ಲಿಸಬಾರದು, ಮಿದುಳು, ಹೃದಯ ಉಳಿಯಬೇಕಲ್ಲ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಎಂದಿಗೂ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಸಸ್ಯಾಹಾರಿ ಮನೆಗಳವರು ಬೇಸರಿಸಬಾರದು, ಒಂದು ಮಾತು ಹೇಳಲೇಬೇಕು. ಬರೀ ಹಾಲನ್ನ, ಮೊಸರನ್ನದಲ್ಲಿ ಬೆಳೆದ ಬೆಕ್ಕಿಗೆ ಮೀನು, ಮಾಂಸದಲ್ಲಿರುವ ಟಾರಿನ್ ಸಾಕಷ್ಟು ಸಿಗುವುದಿಲ್ಲ. ಅದರ ಕೊರತೆಯಿಂದ ರೆಟಿನಾ ಹಾಳಾಗುವುದು 1975ರಲ್ಲೇ ಪತ್ತೆಯಾಗಿದೆ. ಈ ಕುರುಡು ನಿಧಾನದ್ದು. ಆದರೆ ಮನೆಯ ಮೂಲೆಮೂಲೆಯೂ ಬಾಯಿಪಾಠವಾಗಿರುವ ಬೆಕ್ಕು ಅದನ್ನು ತೋರಗೊಡುವುದಿಲ್ಲ. ವರ್ಗಾವಣೆಯಾಗಿಯೋ ನಿವೃತ್ತಿಯಾಗಿಯೋ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ದ್ವಾರಕಾದ ಫ್ಲ್ಯಾಟಿಗೆ ಹೋದ ದಿನ ‘ಇದ್ದಕ್ಕಿದ್ದಂತೆ’ ಕಣ್ಣು ಹೋಯಿತು ಎನಿಸುತ್ತದೆ. ಮೀನು ತರಲಾಗದವರು ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ಹಾಕಬಹುದು.

ಆ ಬಾಯಿಪಾಠವೇ ಕುರುಡು ಬೆಕ್ಕಿನ ಆಸ್ತಿ. ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿಟ್ಟು ನೀರು, ಊಟ, ಮಲಗುವ ಚಾಪೆ, ಮರಳಿನ ತಟ್ಟೆ ಎಲ್ಲವನ್ನೂ ಅಲ್ಲೇ ಇಡಿ. ಮರಳಿನ ತಟ್ಟೆ ಊಟದ ಪಕ್ಕದಲ್ಲಿ ಬೇಡ, ಬೆಕ್ಕಿನ ಮಡಿ ನಮ್ಮ ಅಜ್ಜಿಯರದಕ್ಕಿಂತ ಬಿಗಿ! ಕುರ್ಚಿ, ಮೇಜು ಕದಲಿಸಬಾರದು. ದಾರಿ ತಪ್ಪಿದಾಗ ಎತ್ತಿ ಬೇರೆಡೆ ಬಿಟ್ಟರೆ ಅದಕ್ಕೆ ದಿಕ್ಕೇ ತಿಳಿಯದು. ಊಟದ ತಟ್ಟೆಯ ಬಳಿಯೇ ಬಿಡಿ, ಅಲ್ಲಿಂದ ಅದು ದಾರಿ ಕಂಡುಕೊಳ್ಳುತ್ತದೆ. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಿರಿ. ಮೀಸೆ ಕತ್ತರಿಸಲೇಬೇಡಿ, ಈಗ ಅದೇ ಅದರ ಊರುಗೋಲು. ಮನೆಯಲ್ಲಿ ಇನ್ನೊಂದು ಬೆಕ್ಕೋ ನಾಯಿಯೋ ಇದ್ದರೆ ಅದರ ಕೊರಳಿಗೆ ಗೆಜ್ಜೆ ಕಟ್ಟಿ.

ಎನ್‌ಸಿಆರ್‌ನ ಬಹುಮಹಡಿ ಫ್ಲ್ಯಾಟುಗಳಲ್ಲಿ ಬಾಲ್ಕನಿಗೆ ಬಲೆ ಹಾಕಿಸದೆ ಬಾಗಿಲು ತೆರೆಯುವಂತಿಲ್ಲ. ಚಳಿಗಾಲದಲ್ಲಿ ಹೀಟರ್‌ಗೆ ಮರೆ ಬೇಕು. ದೀಪಾವಳಿಯ ರಾತ್ರಿ ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ರೇಡಿಯೊ ಹಾಕಿ ಯಾರಾದರೂ ಜೊತೆಗಿರಿ. ಬೇಸಿಗೆ ರಜೆಗೆ ಊರಿಗೆ ಹೊರಟರೆ ಕರ್ನಾಟಕ ಎಕ್ಸ್‌ಪ್ರೆಸ್‌ನ ಎರಡು ರಾತ್ರಿಯ ಪ್ರಯಾಣಕ್ಕೆ ಅದನ್ನು ಎಳೆದೊಯ್ಯುವ ಬದಲು, ಕೀಲಿಕೈಯನ್ನೂ ಮಾತ್ರೆಯ ಚೀಟಿಯನ್ನೂ ಪರಿಚಯದ ಯಾರಿಗಾದರೂ ಕೊಟ್ಟು ಹೋಗುವುದು ಮೇಲು. ಅವರು ಹೊರಡುವ ವಾರದ ಮುಂಚೆಯೇ ಒಂದೆರಡು ಸಲ ಬಂದು, ಬೆಕ್ಕಿಗೆ ತಮ್ಮ ದನಿ, ವಾಸನೆ ಪರಿಚಯ ಮಾಡಿಸಿರಲಿ.