ಹವಳದ ದ್ವೀಪದಲ್ಲಿ ಬಿಸಿಲಿನ ದಾಸ್ತಾನು

ಸಮೋವಾದ ಅಪಿಯಾ ಬಿಟ್ಟು ಒಂದು ಹಗಲು, ಒಂದು ರಾತ್ರಿಗೂ ಮಿಕ್ಕಿ ಉತ್ತರಕ್ಕೆ ಸಾಗಿದ ಹಡಗು ಮೂರು ಹವಳದ ದ್ವೀಪಗಳ ನಾಡಾದ ಟೊಕೆಲಾವಿನ ದಡ ಮುಟ್ಟುವುದಿಲ್ಲ. ಹವಳದ ದಿಬ್ಬದ ಹೊರಗೇ ತೂಗಾಡುತ್ತ ನಿಲ್ಲುತ್ತದೆ. ವಿಮಾನ ಇಳಿಯಲು ಜಾಗವಿಲ್ಲ, ಬಂದರೂ ಇಲ್ಲ. ಅಕ್ಕಿಮೂಟೆ, ಸಿಮೆಂಟು, ಅಪಿಯಾದ ಆಸ್ಪತ್ರೆಯಿಂದ ಮರಳುವ ಅಜ್ಜಿ, ಸೌರಫಲಕಗಳ ಪೆಟ್ಟಿಗೆ, ಎಲ್ಲವೂ ದೋಣಿಗಿಳಿದು, ಅಲೆಯ ಹದ ನೋಡಿಕೊಂಡು, ದಿಬ್ಬದ ನಡುವಿನ ಕಿರಿದಾದ ದಾರಿಯಲ್ಲಿ ಒಳನುಗ್ಗಬೇಕು.

ಕಾಲಡಿ ಹವಳದ ಪುಡಿ, ಮೇಲೆ ತೆಂಗಿನ ಗರಿಗಳ ಸರಸರ, ತುಟಿಗೆ ಹತ್ತುವ ಉಪ್ಪು. ಈ ಕಡೆ ಕಡಲು, ಆ ಕಡೆ ತಿಳಿಹಸಿರು ಹಿನ್ನೀರು. ನಡುವಿನ ನೆಲದ ಅಗಲ ಬಹುತೇಕ ಕಡೆ ಇನ್ನೂರು ಮೀಟರಿಗಿಂತ ಕಡಿಮೆ. ಅಷ್ಟರಲ್ಲೇ ಊರು, ಚರ್ಚು, ಶಾಲೆ, ಆಚೆಗೆ ಸಾಲಾಗಿ ಆಕಾಶಕ್ಕೆ ಮುಖವೊಡ್ಡಿದ ಕಡುನೀಲಿ ಫಲಕಗಳು. ಪಕ್ಕದ ಕೊಠಡಿಯ ಬಾಗಿಲು ತೆರೆದರೆ ಇನ್ವರ್ಟರುಗಳ ಒಂದೇ ಸಮನಾದ ಗುಂಯ್‌ಗುಡುವಿಕೆ.

ಮೊದಲಾದರೆ ಇಲ್ಲಿ ಡೀಸೆಲ್ ಜನರೇಟರಿನದೇ ಸದ್ದು, ಅದರದೇ ವಾಸನೆ. ನ್ಯೂಜಿಲೆಂಡಿನ ಹಣದ ಬೆಂಬಲದಿಂದ 2012ರಲ್ಲಿ ಅಟಾಫು, ನುಕುನೊನು, ಫಕಾಒಫೊ ಮೂರೂ ದ್ವೀಪಗಳಲ್ಲಿ ಸೇರಿ 4,032 ಫಲಕ, 1,344 ಬ್ಯಾಟರಿ ಕೂಡಿಸಿದರು. ಡೀಸೆಲ್ ಪೀಪಾಯಿಗಳ ಹೊರೆ ಇಳಿಯಿತು. ಸುಮಾರು 1,500 ಜನರ ನಾಡಿಗೆ ಅದು ಸಣ್ಣ ಮಾತಲ್ಲ.

ಕರೆಂಟನ್ನು ನೆಚ್ಚುವಂತಾದ ಮೇಲೆ ಬಯಕೆಯೂ ಬೆಳೆಯಿತು, ಬೆಳೆಯಲೇಬೇಕಲ್ಲ! ಹಿಡಿದು ತಂದ ಮೀನನ್ನು ದಡದಲ್ಲೇ ರಾಶಿ ಹಾಕಿ ಮನೆಮನೆಗೆ ಸಮಪಾಲು ಹಂಚುವ 'ಇನಾಟಿ' ಇಲ್ಲಿನ ಹಳೆಯ ಕಟ್ಟಳೆ. ಮಿಕ್ಕ ಪಾಲು ನಾಳೆಗೂ ಕೆಡದಿರಲು ಫ್ರೀಜರ್ ಬೇಕು. ಫ್ರೀಜರಿಗೆ ಹಗಲು ರಾತ್ರಿಯ ಭೇದವಿಲ್ಲ. ಮೋಡ ಕವಿದ ದಿನಗಳಲ್ಲಿ ಜನರೇಟರು ಮತ್ತೆ ಗುಡುಗತೊಡಗಿತು. ಫಲಕಗಳನ್ನು ಹೆಚ್ಚಿಸಿ, ಲಿಥಿಯಂ ಬ್ಯಾಟರಿಗಳನ್ನು ಸೇರಿಸುವ ಕೆಲಸ ಹುಟ್ಟಿದ್ದು ಹಾಗೆ. ಮೊದಲಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಬಳಸಿದರೆ ಅದರ ಆಯುಷ್ಯ ಬೇಗ ಸವೆಯುತ್ತದೆ. ಲಿಥಿಯಂ ತನ್ನೊಡಲಿನ ಬಹುಪಾಲನ್ನು ಕೊಟ್ಟು, ಮರುದಿನದ ಬಿಸಿಲಿಗೆ ಮತ್ತೆ ತುಂಬಿಕೊಳ್ಳುತ್ತದೆ. ಸೆಕೆ, ಉಪ್ಪುಗಾಳಿ ಮಾತ್ರ ಯಾವುದನ್ನೂ ಬಿಡವು. ಹಾಗಾಗಿ ಒಂದೊಂದು ಬೋಲ್ಟನ್ನೂ ತುಕ್ಕಿಗೆ ಅಂಜಿಯೇ ಆರಿಸಬೇಕು. ಮರೆತುಬಂದ ಒಂದು ಫ್ಯೂಸಿಗೂ ಮುಂದಿನ ಹಡಗೇ ಗತಿ.

ಮೂರು ದ್ವೀಪಗಳಲ್ಲಿ ಒಂದಕ್ಕೆ ಕರೆಂಟು ಸಾಲದಾದರೆ ಇನ್ನೊಂದು ಕಡ ಕೊಡಲಾರದು. ನುಕುನೊನುವಿನಿಂದ ಫಕಾಒಫೊಗೆ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್, ಅಟಾಫುವಿಗೆ ತೊಂಬತ್ತರ ಹತ್ತಿರ, ನಡುವೆ ಬರೀ ಕಡಲು. ಆದ್ದರಿಂದ ಪ್ರತಿ ದ್ವೀಪಕ್ಕೂ ತನ್ನದೇ ಫಲಕ, ತನ್ನದೇ ಬ್ಯಾಟರಿ, ಅವುಗಳ ಗುಣ ಅರಿತ ಊರಿನದೇ ಆಳು ಬೇಕು.