ಲಂಡನ್ನಿನಿಂದ ಹೊರಟ ಕೆರಿಬಿಯನ್ ದನಿ

ಶಾರ್ಟ್‌ವೇವ್ ಬಗ್ಗೆ ನಾವು ಕ್ಲಾಸಲ್ಲಿ ಓದೋದು ಎಷ್ಟು? 3ರಿಂದ 30 ಮೆಗಾಹರ್ಟ್ಸ್, ಅಯಾನುಗೋಳದಲ್ಲಿ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ, ಹೀಗೆ ಜಿಗಿಯುತ್ತಾ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಇಂಟರ್ನಲ್ಸ್‌ಗೆ ಇಷ್ಟು ಸಾಕು. ಆದರೆ ಈ ಅಲೆಗಳ ಬೆನ್ನೇರಿ ಒಂದು ಸಾಹಿತ್ಯವೇ ಬೆಳೆದ ಕಥೆ ಯಾವ ಸಿಲಬಸ್ಸಿನಲ್ಲೂ ಇಲ್ಲ.

ಎರಡನೇ ಮಹಾಯುದ್ಧದ ಸಮಯ. ಜಮೈಕಾದ ಕವಯಿತ್ರಿ ಊನಾ ಮಾರ್ಸನ್ ಲಂಡನ್ನಿನ ಬಿಬಿಸಿಯಲ್ಲಿ ಕೆಲಸ ಮಾಡ್ತಿದ್ದರು. ಬ್ರಿಟನ್ನಿನಲ್ಲಿದ್ದ ಕೆರಿಬಿಯನ್ ಸೈನಿಕರು ಮನೆಯವರಿಗೆ ಸಂದೇಶ ಕಳಿಸುವ ಕಾರ್ಯಕ್ರಮ ಅವರದ್ದು. 1943ರಲ್ಲಿ ಅದರೊಳಗಿಂದಲೇ ಅವರು 'ಕೆರಿಬಿಯನ್ ವಾಯ್ಸಸ್' ಶುರು ಮಾಡಿದರು. ವಾರಕ್ಕೊಮ್ಮೆ ಕಥೆ, ಕವಿತೆ, ವಿಮರ್ಶೆ. ಅದು 1958ರವರೆಗೂ ನಡೆಯಿತು.

ಇದರಲ್ಲೇನು ದೊಡ್ಡ ವಿಷಯ ಅಂತೀರಾ? ಆ ದ್ವೀಪಗಳ ನಡುವೆ ಸಮುದ್ರ. ಪುಸ್ತಕ ಪ್ರಕಾಶಕರು ಇಲ್ಲವೆನ್ನುವಷ್ಟು ಕಡಿಮೆ. ಬಾರ್ಬಡೋಸಿನಲ್ಲಿ ಬರೆಯುವವನಿಗೆ ಟ್ರಿನಿಡಾಡಿನಲ್ಲಿ ಯಾರು ಏನು ಬರೀತಿದ್ದಾರೆ ಅಂತ ತಿಳಿಯುವುದೇ ಕಷ್ಟ. ಈಗ ಹಸ್ತಪ್ರತಿಗಳು ಜಮೈಕಾದಲ್ಲಿ ಗ್ಲ್ಯಾಡಿಸ್ ಲಿಂಡೊ ಅವರ ಕೈ ಸೇರಿ, ಅಲ್ಲಿಂದ ಲಂಡನ್ನಿಗೆ ಹೋಗಿ, ಸುಮಾರು 7000 ಕಿಲೋಮೀಟರ್ ದಾಟಿ ದನಿಯಾಗಿ ಎಲ್ಲ ದ್ವೀಪಗಳಿಗೂ ವಾಪಸ್ ಬರತೊಡಗಿದವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಟಾರ್ ಟೋಪಾಲಜಿ. ಪಕ್ಕದ ದ್ವೀಪದವನ ಕವಿತೆ ಕೇಳಲು ಲಂಡನ್ ಎಂಬ ಹಬ್ ಬೇಕಾಯಿತು.

1946ರಿಂದ 1954ರವರೆಗೆ ಇದನ್ನು ನಡೆಸಿದವರು ಐರ್ಲೆಂಡಿನ ಹೆನ್ರಿ ಸ್ವಾನ್ಜಿ. ಇಂಗ್ಲೆಂಡಿನ ಹೂವು-ಹಿಮದ ಅನುಕರಣೆ ಅವರಿಗೆ ಬೇಡವಾಗಿತ್ತು. ನಿಮ್ಮ ಊರು, ನಿಮ್ಮ ಬೀದಿ, ನಿಮ್ಮ ಮಾತು ಬರಲಿ ಅಂತಿದ್ದರು. ಆರು ತಿಂಗಳಿಗೊಮ್ಮೆ ಬಂದ ಬರಹಗಳ ವಿಮರ್ಶೆಯನ್ನು ರೇಡಿಯೋದಲ್ಲೇ ಮಾಡ್ತಿದ್ದರು. ಪ್ರಸಾರವಾದ ಬರಹಕ್ಕೆ ಸಂಭಾವನೆಯೂ ಸಿಗುತ್ತಿತ್ತು. ಡೆರೆಕ್ ವಾಲ್ಕಟ್, ಸ್ಯಾಮ್ ಸೆಲ್ವನ್, ಜಾರ್ಜ್ ಲ್ಯಾಮಿಂಗ್ ಎಲ್ಲರೂ ಹೆಸರು ಮಾಡುವ ಮೊದಲೇ ಇಲ್ಲಿ ಕೇಳಿಬಂದವರು.

ಸ್ವಾನ್ಜಿ ನಂತರ ಆ ಕುರ್ಚಿಗೆ ಬಂದವರಲ್ಲಿ ಆಗಷ್ಟೇ ಆಕ್ಸ್‌ಫರ್ಡ್ ಮುಗಿಸಿದ್ದ ವಿ. ಎಸ್. ನೈಪಾಲ್ ಒಬ್ಬರು. ಅವರ ತಂದೆಯ ಕಥೆಗಳೂ ಇದೇ ಕಾರ್ಯಕ್ರಮದಲ್ಲಿ ಪ್ರಸಾರವಾಗಿದ್ದವು. 'ಮಿಗೆಲ್ ಸ್ಟ್ರೀಟ್' ಪುಸ್ತಕದ ಮೊದಲ ಕಥೆಯನ್ನು ಮಗ ಟೈಪ್ ಮಾಡಿದ್ದು ಬಿಬಿಸಿಯ ಕೋಣೆಯಲ್ಲಿ, ಬಿಬಿಸಿಯದೇ ಕಾಗದದ ಮೇಲೆ. ಪುಟ ತಿರುವಿದರೆ ಮೈಕಿಗೆ ಸದ್ದು ಕೇಳದಂತೆ ತಯಾರಿಸಿದ ಕಾಗದ ಅದು! ಮುಂದೆ ವಾಲ್ಕಟ್‌ಗೆ 1992ರಲ್ಲಿ, ನೈಪಾಲ್‌ಗೆ 2001ರಲ್ಲಿ ನೊಬೆಲ್ ಬಂತು.

ಹಾಗಂತ ಎಲ್ಲವೂ ಚಂದವೇ? ಲ್ಯಾಮಿಂಗ್ ಇದನ್ನು ಸಕ್ಕರೆಗೆ ಹೋಲಿಸಿದ್ದರು. ಕಬ್ಬು ನಮ್ಮದು, ಶುದ್ಧ ಮಾಡುವುದು ಅಲ್ಲಿ, ಮತ್ತೆ ಬರುವುದು ನಮಗೇ. ಯಾವುದು ಒಳ್ಳೆಯ ಬರಹ ಅಂತ ನಿರ್ಧರಿಸುವ ಅಧಿಕಾರ ಲಂಡನ್ನಿನಲ್ಲೇ ಉಳಿಯಿತು. ಬರಹಗಾರರೂ ಒಬ್ಬೊಬ್ಬರಾಗಿ ಹಡಗು ಹತ್ತಿ ಅಲ್ಲಿಗೇ ಹೋದರು. ಹಬ್ ಎಲ್ಲಿದೆಯೋ ಅಧಿಕಾರವೂ ಅಲ್ಲೇ ಅಲ್ವಾ?

ಇನ್ನೊಂದು ಮಾತು. ಸ್ವಾನ್ಜಿಗೆ ಬರಹಗಾರರು ಸಿಕ್ಕಿದ ದಾರಿಗಳಲ್ಲಿ 'ಬಿಮ್' ಕೂಡ ಒಂದು. ಅದು ಬಾರ್ಬಡೋಸಿನಲ್ಲಿ 1942ರಲ್ಲಿ ಹುಟ್ಟಿದ ಪುಟ್ಟ ಪತ್ರಿಕೆ. ಊರಲ್ಲೇ ಯಾರೋ ಕೂತು ಓದಿ, ತಿದ್ದಿ, ಅಚ್ಚು ಹಾಕದಿದ್ದರೆ ಟ್ರಾನ್ಸ್‌ಮಿಟರ್ ಎಷ್ಟು ಕಿಲೋವ್ಯಾಟ್ ಇದ್ದರೇನು, ಕಳಿಸಲು ಸಿಗ್ನಲ್ಲೇ ಇರುತ್ತಿರಲಿಲ್ಲ. ಮುಂದಿನ ಸಂಚಿಕೆಗೆ ಬರಹ ಕೇಳಿಕೊಂಡು ನಾವು ನಿಮ್ಮ ಹಾಸ್ಟೆಲ್ ರೂಮಿನ ಬಾಗಿಲು ತಟ್ಟಿದಾಗ ಇದು ನೆನಪಿರಲಿ.