ಚಾಟಹೂಚಿ ನೀರಿಗೆ ಸರಾಸರಿ ಸಾಲದು

ಡುಲುತ್: ನಮ್ಮೂರ ಪಕ್ಕ ಹರಿಯುವ ಚಾಟಹೂಚಿ ನದಿಗೆ ಮಕ್ಕಳನ್ನು ಇಳಿಸುವ ಮುನ್ನ ನಾವು ಮೆಡ್‌ಲಾಕ್ ಸೇತುವೆ ಬಳಿಯ ಇ-ಕೋಲಿ ಅಂಕಿ ನೋಡುತ್ತೇವೆ. 100 ಮಿಲಿಲೀಟರ್‌ಗೆ 235 ದಾಟಿದರೆ ನೀರಾಟ ಬೇಡ. ಜೋರು ಮಳೆಯಾದರೆ ಅದು ಸಾವಿರ ಮೀರುವುದೂ ಉಂಟು. ಅಂಥ ಒಂದೇ ದಿನ ಇಡೀ ತಿಂಗಳ ಸರಾಸರಿಯನ್ನು ಕೆಡಿಸುತ್ತದೆ. ಲೆಕ್ಕಪತ್ರ ನೋಡುವ ನಮಗೆ ಇದೇನೂ ಹೊಸದಲ್ಲ!

ಹಾಗಾಗಿ ಎರಡು ತಿಂಗಳ ನೀರನ್ನು ಹೋಲಿಸಲು, ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟು ಅವುಗಳ ಸ್ಥಾನವನ್ನಷ್ಟೇ ಲೆಕ್ಕಿಸುವ ಮನ್-ವಿಟ್ನಿ ಪರೀಕ್ಷೆ ವಾಸಿ. ‘ಪಿ’ ಬೆಲೆ 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಬರೀ ಆಕಸ್ಮಿಕವಲ್ಲ ಎಂದು ಒಪ್ಪುವುದು ರೂಢಿ. ಹೆಚ್ಚು ಬಂದರೆ ಪುರಾವೆ ಸಾಲದು ಎಂದಷ್ಟೇ ಅರ್ಥ. ನೀರು ಒಂದೇ ಎಂದಲ್ಲ. ತಲಾ ಮೂರೇ ಮಾದರಿಯಿದ್ದರೆ ‘ಪಿ’ 0.1ರಿಂದ ಕೆಳಗಿಳಿಯುವುದೇ ಇಲ್ಲ, ಒಂದು ತಿಂಗಳದ್ದು ಚರಂಡಿ ನೀರೇ ಆಗಿದ್ದರೂ! ತಲಾ ನಾಲ್ಕಾದರೂ ಬೇಕು.